ಮನೆಗೆ ಹೇಳುವ ಮೊದಲು ಮಗುವಿಗೆ

ಮಂಗಳೂರಿನ ಹೊರವಲಯದಲ್ಲಿ, ಇಗರ್ಜಿಯ ಕಾಂಪೌಂಡಿನೊಳಗೇ ಇರುವ ಅನುದಾನಿತ ಕನ್ನಡ ಮಾಧ್ಯಮ ಹಿರಿಯ ಪ್ರಾಥಮಿಕ ಶಾಲೆಯೊಂದರಲ್ಲಿ ನಾನು ಟೀಚರ್. ಆರು ಮತ್ತು ಏಳನೇ ತರಗತಿಗೆ ಕನ್ನಡ, ಸಮಾಜ ಪಾಠ ಮಾಡುತ್ತೇನೆ. ಏಳನೆಯವರಿಗೆ ಕ್ಲಾಸ್ ಟೀಚರ್ ಕೂಡ ನಾನೇ. ಚರ್ಚಿನ ಧರ್ಮಗುರುಗಳೇ ಶಾಲೆಯ ಸಂಚಾಲಕರು, ಮುಖ್ಯೋಪಾಧ್ಯಾಯಿನಿ ಒಬ್ಬರು ಸಿಸ್ಟರ್. ಇಷ್ಟು ಕೇಳಿದವರಿಗೆ ಕ್ಯಾಥೊಲಿಕ್ ಮಕ್ಕಳೇ ತುಂಬಿರುವ ಶಾಲೆ ಅನ್ನಿಸುತ್ತದೆ. ಹಾಗೇನಿಲ್ಲ. ನಮ್ಮ ಚರ್ಚಿನ ಮನೆಗಳಲ್ಲಿ ಹೆಚ್ಚಿನವು ಮಕ್ಕಳನ್ನು ಇಂಗ್ಲಿಷ್ ಮಾಧ್ಯಮಕ್ಕೆ ಹಾಕಿ ವರ್ಷಗಳಾದವು. ನಮ್ಮಲ್ಲಿಗೆ ಬರುವವರು ಮೀನುಗಾರಿಕೆಯ ದಕ್ಕೆಯಿಂದ ಬೋಟಿಗೆ ಹೋಗುವವರ ಮಕ್ಕಳು, ಬೀಡಿ ಕಟ್ಟುವ ಅಮ್ಮಂದಿರ ಮಕ್ಕಳು, ಬ್ಯಾರಿ ಮನೆಗಳ ಮಕ್ಕಳು, ಬಾಗಲಕೋಟೆ, ಕೊಪ್ಪಳ, ಗದಗದ ಕಡೆಯಿಂದ ಕಟ್ಟಡ ಕೆಲಸಕ್ಕೆ ಬಂದು ಶೆಡ್ಡುಗಳಲ್ಲಿ ಇರುವವರ ಮಕ್ಕಳು. ಅವರ ನಡುವೆ ನನ್ನ ಹಾಗೆ ಕೊಂಕಣಿ ಮಾತಾಡುವ ಕೆಲವರು. ತರಗತಿಯಲ್ಲಿ ಎಲ್ಲರಿಗೂ ಕನ್ನಡ. ಗಂಟೆ ಹೊಡೆದು ಗೇಟು ದಾಟಿದರೆ ತುಳು, ಬ್ಯಾರಿ, ಕೊಂಕಣಿ, ಬಯಲುಸೀಮೆಯ ಕನ್ನಡ.

ಈ ಮನೆಗಳ ಜೊತೆ ಮಾತು ಬೆಳೆಯುವ ಬಗೆಯನ್ನು, ಒಂದು ಶಾಲಾ ವರ್ಷದ ಉದ್ದಕ್ಕೆ ನನ್ನ ಅನುಭವಕ್ಕೆ ಬಂದಂತೆ ಬರೆಯುತ್ತಿದ್ದೇನೆ. ಆರೇಳನೇ ತರಗತಿಯ ಮಕ್ಕಳಿಗೆ ಹನ್ನೊಂದು, ಹನ್ನೆರಡು, ಹದಿಮೂರು ವರ್ಷ. ಒಂದನೇ ತರಗತಿಯ ಮಗು ಶಾಲೆಯಲ್ಲಿ ಆದದ್ದನ್ನೆಲ್ಲ ಮನೆಯಲ್ಲಿ ಹೇಳಿಬಿಡುತ್ತದೆ. ಏಳನೆಯ ಮಗು ಆರಿಸಿ ಹೇಳುತ್ತದೆ. ಮನೆಯದನ್ನು ಶಾಲೆಗೆ ತರುವಾಗಲೂ ಆರಿಸಿಯೇ ತರುತ್ತದೆ. ಎಷ್ಟೋ ಮನೆಗಳಲ್ಲಿ ನೋಟಿಸು ಓದಿ ಹೇಳುವುದು, ಫಾರ್ಮು ತುಂಬುವುದು, ಟೀಚರ್ ಫೋನಿನಲ್ಲಿ ಏನಂದರು ಎಂದು ಅಮ್ಮನಿಗೆ ತಿಳಿಸುವುದು ಎಲ್ಲ ಆ ಮಗುವಿನದೇ ಕೆಲಸ. ಹಾಗಿರುವಾಗ ಮಗುವನ್ನು ಬದಿಗಿಟ್ಟು ನಾನು ಹೆತ್ತವರ ಜೊತೆ ಮಾತಾಡಿದರೆ ಅದು ಅರ್ಧ ಮಾತೇ. ಅದಕ್ಕಾಗಿ ಒಂದು ಕ್ರಮ ಇಟ್ಟುಕೊಂಡಿದ್ದೇನೆ: ಮನೆಗೆ ಏನು ಹೇಳಲಿಕ್ಕಿದೆಯೋ ಅದನ್ನು ಮೊದಲು ಮಗುವಿಗೆ ಹೇಳುತ್ತೇನೆ. ಬಿಸಿಯೂಟ ಮುಗಿದ ಮೇಲೆ ಜಗಲಿಯಲ್ಲಿ ಕೂರಿಸಿಕೊಂಡು, "ನಾಳೆ ನಿನ್ನ ಅಮ್ಮನ ಹತ್ತಿರ ಇಷ್ಟು ವಿಷಯ ಮಾತಾಡ್ತೇನೆ. ಇದರಲ್ಲಿ ತಪ್ಪಿದ್ದರೆ ಹೇಳು, ಸೇರಿಸಬೇಕಾದ್ದು ಇದ್ದರೂ ಹೇಳು" ಎನ್ನುತ್ತೇನೆ. ಮಕ್ಕಳು ಹೇಳುತ್ತಾರೆ. ಮೊದಲ ಸಲ ನೆಲ ನೋಡುತ್ತಾ ಸುಮ್ಮನಿರುತ್ತಾರೆ, ಎರಡನೇ ಸಲ ತಾವಾಗಿ ಬಾಯಿ ಬಿಡುತ್ತಾರೆ.

ಜೂನ್, ಜುಲೈ ನನಗೆ ಮುಖ್ಯವಾದ ತಿಂಗಳುಗಳು. ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳ ಮೀನುಗಾರಿಕೆಗೆ ನಿಷೇಧ. ಉಳಿದ ತಿಂಗಳುಗಳಲ್ಲಿ ಆಳಸಮುದ್ರಕ್ಕೆ ಹೋದ ಅಪ್ಪಂದಿರು ಬರುವುದು ವಾರ, ಹತ್ತು ದಿನ ಕಳೆದು. ಬಂದ ದಿನ ಮೀನು ಇಳಿಸಿ, ಲೆಕ್ಕ ಮುಗಿಸಿ, ನಿದ್ದೆ ಹೋಗಿ, ಎದ್ದ ಮೇಲೆ ಪುನಃ ಹೊರಡುವ ತಯಾರಿ. ಅಂಥವರನ್ನು ನವೆಂಬರಿನ ಶನಿವಾರ ಹೆತ್ತವರ ಸಭೆಗೆ ಕರೆದು, ಬರಲಿಲ್ಲ ಎಂದು ಬೇಸರ ಮಾಡಿಕೊಳ್ಳುವುದರಲ್ಲಿ ಅರ್ಥವಿಲ್ಲ. ಆದ್ದರಿಂದ ಮಳೆಗಾಲದ ಸಂಜೆಗಳಲ್ಲಿ ಕೊಡೆ ಹಿಡಿದು ನಾನೇ ಹೋಗುತ್ತೇನೆ. ಮನೆಯ ಚಾವಡಿಯಲ್ಲಿ ಬಲೆ ಹರಡಿಕೊಂಡು ಹರಿದ ಕಣ್ಣುಗಳನ್ನು ಹೆಣೆಯುತ್ತಾ ಕೂತಿರುತ್ತಾರೆ. ಟೀಚರ್ ಬಂದರೆಂದು ಎದ್ದು ನಿಲ್ಲುತ್ತಾರೆ. ಒಬ್ಬರು ಅಪ್ಪ ಮೊದಲು ಕೇಳಿದ ಪ್ರಶ್ನೆ, "ಅವ ಶಾಲೆಯಲ್ಲಿ ಪಾಪ ಇದ್ದಾನಾ ಟೀಚರ್?" ಪಾಪ ಅಂದರೆ ನಮ್ಮ ಕಡೆ ಸಾಧು. ಮಾರ್ಕಿನ ಮಾತೇ ಇಲ್ಲ. ಆಮೇಲೆ ತಾನು ಏಳನೆಯಲ್ಲಿ ಶಾಲೆ ಬಿಟ್ಟದ್ದು, ಬೋಟಿನಲ್ಲಿ ಅಡುಗೆ ಕೆಲಸದಿಂದ ಶುರು ಮಾಡಿದ್ದು, ಈಗ ಜಿಪಿಎಸ್ ನೋಡಲು ಕಲಿತದ್ದು ಎಲ್ಲ ಹೇಳಿದರು. ಮಗನೂ ಕೂತು ಕೇಳುತ್ತಿದ್ದ. ಅವನಿಗೆ ಅದರಲ್ಲಿ ಅರ್ಧ ಗೊತ್ತೇ ಇರಲಿಲ್ಲ.

ಈ ಮೊದಲ ಭೇಟಿಯಲ್ಲಿ ನಾನು ದೂರು ಒಯ್ಯುವುದಿಲ್ಲ. ವರ್ಷದ ಮಧ್ಯೆ ಏನಾದರೂ ಕಷ್ಟದ ಮಾತು ಬಂದಾಗ ಆ ಮನೆಯ ಮೆಟ್ಟಿಲು ನನಗೆ ಪರಿಚಯದ್ದಾಗಿರಬೇಕು, ಅಷ್ಟೇ. ಟೀಚರ್ ಬಂದರು ಎಂದರೆ ಮಗ ಏನೋ ಮಾಡಿದ್ದಾನೆ ಎಂದೇ ಎಷ್ಟೋ ಮನೆಗಳಲ್ಲಿ ತಿಳಿಯುತ್ತಾರೆ. "ಎಂತ ಟೀಚರ್, ಎಂತಾದ್ರೂ ಮಾಡಿದ್ನಾ?" ಎಂದು ಬಾಗಿಲಲ್ಲೇ ಕೇಳುವ ಅಮ್ಮನ ಗಾಬರಿ ಇಳಿಯಬೇಕಾದರೆ ನಾವು ಏನೂ ಆಗದ ದಿನವೂ ಹೋಗಿರಬೇಕು.

ಜೂನಿನಲ್ಲೇ ರಕ್ಷಕ-ಶಿಕ್ಷಕ ಸಂಘದ ಮೊದಲ ಸಭೆ ಇರುತ್ತದೆ. ಸಂಚಾಲಕರು ಅಲ್ಲಿ ಪ್ರತಿ ವರ್ಷ ಒಂದು ಮಾತು ನೆನಪಿಸುತ್ತಾರೆ. 1965ರ ಅಕ್ಟೋಬರ್ 28ರಂದು ಎರಡನೇ ವ್ಯಾಟಿಕನ್ ಮಹಾಸಭೆ ಕ್ರೈಸ್ತ ಶಿಕ್ಷಣದ ಕುರಿತು ಹೊರಡಿಸಿದ ಘೋಷಣೆಯಲ್ಲಿ, ಮಕ್ಕಳ ಮೊದಲ ಮತ್ತು ಮುಖ್ಯ ಗುರುಗಳು ತಂದೆತಾಯಿಗಳೇ ಎಂದಿದೆ. ಶಾಲೆ ಅವರ ಜೊತೆಗೆ ನಿಲ್ಲುವುದು, ಅವರ ಜಾಗದಲ್ಲಿ ನಿಲ್ಲುವುದಲ್ಲ. ಫಾದರ್ ಇದನ್ನು ಹೇಳುವಾಗ ಹಿಂದಿನ ಬೆಂಚುಗಳಲ್ಲಿ ಸೆರಗು ಸರಿಮಾಡಿಕೊಳ್ಳುತ್ತಾ, ಬುರ್ಖಾ ಸರಿಮಾಡಿಕೊಳ್ಳುತ್ತಾ ಕೂತ ಅಮ್ಮಂದಿರ ಮುಖ ನೋಡುತ್ತೇನೆ. ತಾವು ಏನೂ ಓದಿದವರಲ್ಲ ಎಂದುಕೊಂಡು ಬಂದವರಿಗೆ ಶಾಲೆಯೇ ಈ ಮಾತು ಹೇಳುವುದು ದೊಡ್ಡದು. ನನಗಂತೂ ಕ್ಯಾಥೊಲಿಕ್ ಟೀಚರಾಗಿ ಈ ಮಾತಿನ ಮೇಲೆ ಪೂರ್ಣ ನಂಬಿಕೆ. ಬರೀ ಸಭೆಯಲ್ಲಿ ಹೇಳಿ ಬಿಟ್ಟರೆ ಅದಕ್ಕೆ ಬೆಲೆ ಇಲ್ಲ, ಉಳಿದ ಹತ್ತು ತಿಂಗಳು ಅದರಂತೆ ನಡೆಯಬೇಕು.

ಅದೇ ಸಭೆಯಲ್ಲಿ ಒಂದು ವಿಷಯವನ್ನು ಸಿಸ್ಟರ್ ಬಿಡಿಸಿ ಹೇಳುತ್ತಾರೆ. ಕ್ಯಾಥೊಲಿಕ್ ಮಕ್ಕಳಿಗೆ ದೊತೊರ್ನ್, ಅಂದರೆ ಕ್ರಿಸ್ತೋಪದೇಶ ಇರುವ ಪೀರಿಯಡ್ಡಿನಲ್ಲಿ ಉಳಿದವರಿಗೆ ಮೌಲ್ಯಶಿಕ್ಷಣ. ಸರಕಾರದ ಅನುದಾನ ಪಡೆಯುವ ಶಾಲೆಯಲ್ಲಿ ಮಗುವನ್ನು ಹೆತ್ತವರ ಒಪ್ಪಿಗೆ ಇಲ್ಲದೆ ಧಾರ್ಮಿಕ ಬೋಧನೆಗೆ ಕೂರಿಸುವ ಹಾಗಿಲ್ಲ, ಸಂವಿಧಾನದ 28(3)ನೇ ವಿಧಿಯೇ ಅದು. ಯಾರಾದರೂ ಕೇಳಲಿ ಎಂದು ಕಾಯದೆ ಮೊದಲೇ ಹೇಳಿಬಿಡುವುದು ಒಳ್ಳೆಯದೆಂದು ನನ್ನ ಅಭಿಪ್ರಾಯ. ಮನಸ್ಸಿನಲ್ಲಿ ಉಳಿದ ಪ್ರಶ್ನೆ ಗೇಟಿನ ಹೊರಗೆ ಬೇರೆ ರೂಪ ತಾಳುತ್ತದೆ. ಮೊಂತಿ ಹಬ್ಬಕ್ಕೆ ಮೊದಲಿನ ಒಂಬತ್ತು ದಿನ ಪುಟ್ಟ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಕನ್ಯಾ ಮರಿಯಮ್ಮನಿಗೆ ಅರ್ಪಿಸುತ್ತಾರೆ, ಸೆಪ್ಟೆಂಬರ್ 8ರಂದು ಹೊಸ ತೆನೆಯ ಆಶೀರ್ವಾದ. ತನಗೂ ಹೂ ತರಬಹುದಾ ಎಂದು ಒಮ್ಮೆ ಒಬ್ಬ ತುಳು ಹುಡುಗಿ ಕೇಳಿದಳು. "ಅಮ್ಮನ ಹತ್ತಿರ ಕೇಳಿಕೊಂಡು ಬಾ" ಅಂದೆ. ಮರುದಿನ ಅಮ್ಮನೇ ಗೋರಟೆ ಹೂವಿನ ಜೊತೆ ಬಂದರು, ಮನೆಯ ಚೌತಿಗೆ ಕಬ್ಬು ತರುವ ಸಂಭ್ರಮವನ್ನೂ ಹೇಳಿ ಹೋದರು. ಕೇಳಿ ಬಾ ಎಂದದ್ದರಿಂದ ಎರಡು ಮನೆಗಳ ಹಬ್ಬ ಒಂದು ಜಗಲಿಗೆ ಬಂತು.

ಮೊಟ್ಟೆಯ ವಿಷಯ ಸ್ವಲ್ಪ ಬೇರೆ. ಸರಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ಬಿಸಿಯೂಟದ ಜೊತೆ ಮೊಟ್ಟೆ, ಅದು ಬೇಡವೆಂದವರಿಗೆ ಬಾಳೆಹಣ್ಣು ಅಥವಾ ಶೇಂಗಾ ಚಿಕ್ಕಿ ಕೊಡುವ ಕ್ರಮ ಬಂದಾಗ ಯಾರಿಗೆ ಏನು ಎಂದು ಪಟ್ಟಿ ಮಾಡಬೇಕಾಯಿತು. ಸಸ್ಯಾಹಾರಿ ಮನೆಯ ಹುಡುಗನೊಬ್ಬ ನನ್ನ ಹತ್ತಿರ ಬಂದು ಮೆಲ್ಲ ಹೇಳಿದ, "ನನಗೆ ಮೊಟ್ಟೆ ಬರೀರಿ ಟೀಚರ್, ಮನೆಯಲ್ಲಿ ಗೊತ್ತಾಗೂದು ಬೇಡ." ಮಕ್ಕಳ ಮಾತು ಮೊದಲು ಕೇಳಬೇಕೆನ್ನುವವಳು ನಾನು. ಆದರೂ ಅವನಿಗೆ ನೇರವಾಗಿ ಹೇಳಿದೆ: ಊಟದ ವಿಷಯದಲ್ಲಿ ಮನೆಯ ಮಾತು ಮೀರಿ ನಾನು ಬರೆಯುವುದಿಲ್ಲ, ನೀನು ಹೇಳಿದ್ದನ್ನು ಮನೆಗೆ ಮುಟ್ಟಿಸುವುದೂ ಇಲ್ಲ, ನಿನಗೆ ಬೇಕೆನಿಸಿದರೆ ನೀನೇ ಅಪ್ಪನ ಹತ್ತಿರ ಮಾತಾಡು. ಅವನು ಬಾಳೆಹಣ್ಣು ತಿಂದುಕೊಂಡೇ ವರ್ಷ ಮುಗಿಸಿದ. ಅವನ ಗುಟ್ಟು ನಾನು ಕಾಯ್ದೆ ಎಂಬ ಕಾರಣಕ್ಕೋ ಏನೋ, ಆಮೇಲೆ ಬಹಳ ವಿಷಯಗಳಿಗೆ ನನ್ನ ಹತ್ತಿರ ಬಂದ.

ವಾಟ್ಸಾಪ್ ಗುಂಪು ನಮ್ಮಲ್ಲೂ ಇದೆ. ಅದನ್ನು ನಾನು ನೋಟಿಸ್ ಬೋರ್ಡಿನಷ್ಟಕ್ಕೆ ಇಟ್ಟುಕೊಂಡಿದ್ದೇನೆ. ಜುಲೈಯಲ್ಲಿ ಬೆಳಗ್ಗೆ ಐದೂವರೆಗೇ "ಡಿಸಿ ರಜೆ ಕೊಟ್ರಾ ಟೀಚರ್?" ಎಂದು ಶುರುವಾಗುತ್ತದೆ. ಕಳೆದ ವರ್ಷದ ರಜೆಯ ಆದೇಶಕ್ಕೆ ಈ ವರ್ಷದ ದಿನಾಂಕ ಹಾಕಿ ಹರಿಯಬಿಡುವವರೂ ಇದ್ದಾರೆ, ಅದಕ್ಕಾಗಿ ರಜೆಯ ಸುದ್ದಿ ಸಿಸ್ಟರ್ ಹಾಕಿದರೆ ಮಾತ್ರ ನಂಬಬೇಕೆಂದು ಜೂನಿನಲ್ಲೇ ಹೇಳಿರುತ್ತೇವೆ. ಮಾರ್ಕು, ಗೈರುಹಾಜರಿ, ಒಬ್ಬ ಮಗುವಿನ ತಪ್ಪು ಯಾವುದೂ ಗುಂಪಿಗೆ ಬರುವುದಿಲ್ಲ. ಓದಲು ಬಾರದ ಅಮ್ಮಂದಿರಿಗಾಗಿ ನೋಟಿಸನ್ನು ಕನ್ನಡದಲ್ಲಿ, ಆಮೇಲೆ ತುಳುವಿನಲ್ಲಿ ಹೇಳಿ ವಾಯ್ಸ್ ಮೆಸೇಜ್ ಹಾಕುತ್ತೇನೆ. ಬ್ಯಾರಿಯಲ್ಲಿ ಹೇಳಲು ಆರನೆಯ ಕ್ಲಾಸ್ ಟೀಚರ್ ಇದ್ದಾರೆ. ಮಕ್ಕಳಿಗೆ ನೇರವಾಗಿ ಮೆಸೇಜ್ ಮಾಡುವ ಪದ್ಧತಿ ನಮ್ಮಲ್ಲಿ ಇಲ್ಲ. ಫೋನು ಮಗುವಿನ ಕೈಯಲ್ಲೇ ಇರುತ್ತದೆಂದು ಗೊತ್ತಿದ್ದರೂ ಸಂದೇಶದ ಮೇಲೆ ಅಪ್ಪ ಅಮ್ಮನ ಹೆಸರು ಹಿಡಿದೇ ಬರೆಯುತ್ತೇನೆ. ಈ ಗೆರೆ ಮಕ್ಕಳ ಸುರಕ್ಷೆಗೆ ಬೇಕು, ನಮ್ಮದಕ್ಕೂ ಬೇಕು.

ನಿಜವಾದ ಮಾತು ಆಗುವುದು ಎದುರೆದುರು ಕೂತಾಗ. ಬೀಡಿ ಕಟ್ಟುವ ಒಂದು ಮನೆಗೆ ನಾನು ಹೋಗುತ್ತಿದ್ದೆ. ಮಗ ಏಳನೆಯಲ್ಲಿ. ಆಟದ ಹೊತ್ತಿನಲ್ಲಿ ಇನ್ನೊಬ್ಬನಿಗೆ ಹೊಡೆದಿದ್ದ, ಆ ಹುಡುಗನ ತುಟಿ ಒಡೆದಿತ್ತು. ಅಮ್ಮನ ಮಡಿಲಲ್ಲಿ ತಡ್ಪೆ, ಅಂದರೆ ಮೊರ, ಅದರಲ್ಲಿ ಕತ್ತರಿಸಿದ ಎಲೆ, ಹೊಗೆಸೊಪ್ಪಿನ ಪುಡಿ, ನೂಲಿನ ಉಂಡೆ. ಮರುದಿನ ಬೀಡಿ ಕಂಪನಿಯ ಬ್ರಾಂಚಿಗೆ ಕೊಡಬೇಕು, ಕೈ ನಿಲ್ಲಿಸುವ ಹಾಗಿಲ್ಲ. ನನಗೆ ಪ್ಲಾಸ್ಟಿಕ್ ಕುರ್ಚಿ ಇಟ್ಟರು, ನಾನು ಚಾಪೆಯ ಮೇಲೆ ಅವರ ಪಕ್ಕದಲ್ಲೇ ಕೂತೆ. ಮಾತು ಶುರು ಮಾಡಿದರೆ ಅವರು "ಹ್ಞಾಂ" ಎನ್ನುವುದೂ ಇಲ್ಲ. ಸ್ವಲ್ಪ ಹೊತ್ತಿಗೆ ತಿಳಿಯಿತು, ಒಳಗೊಳಗೇ ಲೆಕ್ಕ ನಡೆಯುತ್ತಿದೆ. 25 ಬೀಡಿಗೆ ಒಂದು ಕಟ್ಟು. ಕಟ್ಟು ಬಿಗಿದು ಬದಿಗಿಟ್ಟು ಮುಂದಿನದಕ್ಕೆ ಕೈ ಹಾಕುವ ನಡುವೆ ಒಂದು ಸಣ್ಣ ಬಿಡುವು. ಅಷ್ಟರಲ್ಲಿ ಒಂದು ವಿಷಯ ಹೇಳಬೇಕು, ಅವರು ಮುಂದಿನ ಕಟ್ಟಿನ ಉದ್ದಕ್ಕೂ ಅದನ್ನು ಮನಸ್ಸಿನಲ್ಲಿ ಇಟ್ಟುಕೊಂಡು, ಕಟ್ಟಿಯಾದ ಮೇಲೆ ಉತ್ತರ ಕೊಡುತ್ತಾರೆ. ಹಾಗೆ ಕಟ್ಟಿನಿಂದ ಕಟ್ಟಿಗೆ ನಮ್ಮ ಮಾತು ಸಾಗಿತು. ಅವಸರದಲ್ಲಿ ಎಲ್ಲವನ್ನೂ ಒಟ್ಟಿಗೆ ಹೇಳುವ ನಮ್ಮ ಸಭೆಗಳಿಗಿಂತ ಅದು ಎಷ್ಟೋ ಒಳ್ಳೆಯ ಮಾತುಕತೆ.

ಹೊಡೆದ ವಿಷಯ ನಾನು ಹೇಳಲಿಲ್ಲ, ಮಗನೇ ಹೇಳಿದ. ಹಿಂದಿನ ದಿನ ಜಗಲಿಯಲ್ಲಿ ಹಾಗೆಂದೇ ನಾವು ಮಾತಾಡಿಕೊಂಡಿದ್ದೆವು. ಯಾಕೆ ಹೊಡೆದದ್ದು ಎನ್ನುವುದನ್ನೂ ಅವನೇ ಹೇಳಿದ: ಅಪ್ಪ ಮನೆಯಲ್ಲಿ ಇಲ್ಲ ಎನ್ನುವುದನ್ನು ಹಿಡಿದು ಆ ಹುಡುಗ ಆಡಿಕೊಂಡಿದ್ದ. ಆ ಕಟ್ಟು ಮುಗಿದ ಮೇಲೆ ಅಮ್ಮ ಹೇಳಿದ್ದು ಇಷ್ಟು: "ಹೊಡಿಬಾರದಿತ್ತು. ನಾಳೆ ನಾನೇ ಅವನ ಅಮ್ಮನ ಹತ್ರ ಹೋಗಿ ಬರ್ತೇನೆ, ನೀನೂ ಬಾ." ಇಬ್ಬರೂ ಹೋಗಿ ಬಂದರು. ಆ ಹುಡುಗನ ಮನೆಗೆ ನಾನೂ ಬೇರೆಯಾಗಿ ಹೋದೆ, ಆಡಿಕೊಂಡದ್ದೂ ಪೆಟ್ಟೇ ಎಂದು ಅಲ್ಲಿ ಹೇಳಬೇಕಿತ್ತು.

ದೂರದಲ್ಲಿರುವ ಅಪ್ಪಂದಿರದು ಇನ್ನೊಂದು ಬಗೆ. ಸೌದಿ ಅರೇಬಿಯಾದಲ್ಲಿ ಕೆಲಸದಲ್ಲಿರುವ ನಮ್ಮ ಚರ್ಚಿನವರೊಬ್ಬರ ಮಗ ಆಗಸ್ಟಿನಿಂದ ನೋಟ್ಸ್ ಬರೆಯುವುದು ಬಿಟ್ಟಿದ್ದ, ಕರೆದರೆ ಓಗೊಡುತ್ತಿರಲಿಲ್ಲ. ಅಪ್ಪನಿಗೆ ಫೋನು ಮಾಡಲಿಕ್ಕಿದ್ದೇನೆ ಎಂದಾಗ ಅವನ ಕಣ್ಣು ತುಂಬಿತು. "ಡ್ಯಾಡಿಗೆ ಹೇಳ್ಬೇಡಿ ಟೀಚರ್. ಅವರು ನನಗೆ ಬೈಯುದಿಲ್ಲ, ಮಮ್ಮಿಗೆ ಬೈತಾರೆ." ಈ ಒಂದು ಮಾತು ಸಿಗದೆ ನಾನು ಫೋನು ಮಾಡಿದ್ದರೆ ಆ ಮನೆಯಲ್ಲಿ ಏನಾಗುತ್ತಿತ್ತೋ. ಹುಡುಗನ ಮಾರ್ಕು ಅಲ್ಲಿ ಅಮ್ಮನ ಪರೀಕ್ಷೆಯಾಗಿಬಿಟ್ಟಿತ್ತು. ಮೊದಲು ಅಮ್ಮನನ್ನು ಕಂಡೆ, ಕೊಂಕಣಿಯಲ್ಲಿ ನಿಧಾನಕ್ಕೆ ಮಾತಾಡಿದೆವು. ಅವರೂ ಒಪ್ಪಿದ ಮೇಲೆ ಶುಕ್ರವಾರ ಮಧ್ಯಾಹ್ನ ಊಟದ ಬಿಡುವಿನಲ್ಲಿ ಫೋನು ಮಾಡಿದೆ. ಶುಕ್ರವಾರ ಅಲ್ಲಿ ರಜೆ, ನಮ್ಮ ಹನ್ನೆರಡೂವರೆಗೆ ಅಲ್ಲಿ ಬೆಳಗ್ಗೆ ಹತ್ತು, ಮನುಷ್ಯ ಆರಾಮದಲ್ಲಿರುವ ಹೊತ್ತು.

ಮಾರ್ಕಿನಿಂದ ಶುರು ಮಾಡಲಿಲ್ಲ. ಶಾಲೆಯ ಕೈತೋಟದ ಪಂಪು ಹಾಳಾದಾಗ ಅದರ ವಾಷರ್ ಬಿಚ್ಚಿ ನೋಡಿ, ಸವೆದಿದೆ ಎಂದು ಹೇಳಿದ್ದು ಇವರ ಮಗನೇ. ಅದನ್ನು ಹೇಳಿದೆ. ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ, ಆಮೇಲೆ "ಅದು ಅವನು ಯಾವಾಗ ಕಲಿತ?" ಎಂದರು. ಆಗ ನೋಟ್ಸಿನ ವಿಷಯವನ್ನೂ ಮುಚ್ಚದೆ ಹೇಳಿದೆ, ಮನೆಯಲ್ಲಿ ತಾಯಿ ಒಬ್ಬರೇ ಎಷ್ಟೆಲ್ಲ ನೋಡಿಕೊಳ್ಳುತ್ತಿದ್ದಾರೆ ಎಂಬುದನ್ನೂ ಹೇಳಿದೆ. ಒಂದು ಕೇಳಿಕೆ ಇಟ್ಟೆ: ವಾರಕ್ಕೊಮ್ಮೆ ವಿಡಿಯೋ ಕಾಲಿನಲ್ಲಿ ಮಗ ಸಮಾಜ ಪಾಠದ ಒಂದು ಪುಟ ಓದಲಿ, ನೀವು ಕೇಳಿ, ಅರ್ಥವಾಗದ್ದನ್ನು ಅವನ ಹತ್ತಿರವೇ ಕೇಳಿ. ಹಾಗೆಯೇ ಮಾಡಿದರು. ನೋಟ್ಸ್ ಒಂದೇ ದಿನದಲ್ಲಿ ಸರಿಯಾಗಲಿಲ್ಲ, ಕ್ರಿಸ್‌ಮಸ್ ಹೊತ್ತಿಗೆ ಬಂತು. ಕ್ರಿಸ್‌ಮಸ್ ತಿಂಡಿ ಕುಸ್ವಾರ್ ತಂದುಕೊಟ್ಟಾಗ ಅಮ್ಮ "ದೇವ್ ಬರೆಂ ಕರುಂ", ದೇವರು ಒಳ್ಳೆಯದು ಮಾಡಲಿ, ಎಂದರು, ನಾನೂ ಅಂದೆ.

ಎಲ್ಲ ಗುಟ್ಟನ್ನೂ ಕಾಯಲು ಬರುವುದಿಲ್ಲ. ಅದನ್ನೂ ಮಕ್ಕಳಿಗೆ ಜೂನಿನಲ್ಲೇ ಹೇಳಿಬಿಡುತ್ತೇನೆ. ಯಾರಾದರೂ ನಿಮ್ಮ ಮೈಮೇಲೆ ಕೈ ಮಾಡಿದರೆ, ಹೆದರಿಸಿದರೆ, ಆ ವಿಷಯ ನನ್ನ ಹತ್ತಿರ ಬಂದರೆ ನಾನು ಸುಮ್ಮನಿರುವುದಿಲ್ಲ, ಸುಮ್ಮನಿರುವಂತೆಯೂ ಇಲ್ಲ. ಮಕ್ಕಳ ಮೇಲಿನ ಲೈಂಗಿಕ ಅಪರಾಧವಾದರೆ, 2012ರ ಪೋಕ್ಸೊ ಕಾಯ್ದೆಯ ಪ್ರಕಾರ ಗೊತ್ತಾದವರು ತಿಳಿಸಲೇಬೇಕು. ಮಕ್ಕಳ ಸಹಾಯವಾಣಿಯ 1098 ನಂಬರನ್ನು ಬೋರ್ಡಿನ ಮೂಲೆಯಲ್ಲಿ ಬರೆದಿಡುತ್ತೇವೆ, ವರ್ಷವಿಡೀ ಅಳಿಸುವುದಿಲ್ಲ. ಹೀಗೆ ಮುಂಚಿತವಾಗಿ ಹೇಳಿದ್ದರಿಂದ ಮಕ್ಕಳು ಬಾಯಿ ಮುಚ್ಚಿಕೊಳ್ಳುತ್ತಾರೆ ಎಂದು ಕೆಲವು ಸಹೋದ್ಯೋಗಿಗಳು ಹೇಳುತ್ತಾರೆ. ನಾನು ಒಪ್ಪುವುದಿಲ್ಲ. ಮುರಿಯಲೇಬೇಕಾದ ಭರವಸೆಯನ್ನು ಮಗುವಿಗೆ ಕೊಡಬಾರದು.

ಮೊದಲ ಸಂಕಲನಾತ್ಮಕ ಪರೀಕ್ಷೆ ಮುಗಿದು ಸಮುದಾಯದತ್ತ ಶಾಲೆ ಕಾರ್ಯಕ್ರಮಕ್ಕೆ ಹೆತ್ತವರು ಬಂದಾಗ ಉತ್ತರಪತ್ರಿಕೆ ತೋರಿಸುವ ಕೆಲಸ ನನ್ನ ತರಗತಿಯಲ್ಲಿ ಮಕ್ಕಳದು. ಪ್ರತಿ ಮಗುವೂ ತನ್ನ ಮನೆಯವರನ್ನು ತನ್ನ ಬೆಂಚಿನಲ್ಲಿ ಕೂರಿಸಿಕೊಂಡು ಚೆನ್ನಾಗಿ ಬರೆದ ಒಂದು ಉತ್ತರ, ಬಾರದೆ ಹೋದ ಒಂದು ಉತ್ತರ ತೋರಿಸಬೇಕು, ಬಾರದ್ದಕ್ಕೆ ಏನು ಮಾಡುತ್ತೇನೆಂದು ಹೇಳಬೇಕು. ನಾನು ಬೆಂಚಿನಿಂದ ಬೆಂಚಿಗೆ ಹೋಗಿ ಕೂರುತ್ತೇನೆ, ಕೇಳಿದರೆ ಮಾತ್ರ ಮಾತಾಡುತ್ತೇನೆ. ಬ್ಯಾರಿ ಹುಡುಗಿಯೊಬ್ಬಳು ನಕ್ಷೆಯಲ್ಲಿ ತುಂಗಭದ್ರೆಯನ್ನು ತಪ್ಪು ಗುರುತಿಸಿದ್ದನ್ನು ತೋರಿಸಿ, ಸರಿಯಾದ ಹರಿವನ್ನು ಬೆರಳಿನಲ್ಲಿ ಎಳೆದು ಅಮ್ಮನಿಗೆ ವಿವರಿಸುತ್ತಿದ್ದಳು. ಅಮ್ಮ ನನ್ನ ಕಡೆ ತಿರುಗಿ, "ನನಗೆ ಶಾಲೆಗೆ ಬರ್ಲಿಕ್ಕೆ ಹೆದರಿಕೆ ಟೀಚರ್. ಇವತ್ತು ಇವಳೇ ಟೀಚರ್ ಹಾಗೆ ಮಾಡಿದ್ಳು" ಎಂದರು.

ಎಲ್ಲಕ್ಕಿಂತ ಹೆಚ್ಚು ಹೊತ್ತು, ಹೆಚ್ಚು ಮಾತು ಬೇಡಿದ್ದು ಬಾದಾಮಿ ಕಡೆಯ ಒಂದು ಮನೆ. ಅಪ್ಪ ಸೆಂಟ್ರಿಂಗ್ ಕೆಲಸ, ಅಮ್ಮ ಅದೇ ಸೈಟಿನಲ್ಲಿ ಮರಳು, ಸಿಮೆಂಟು ಹೊರುವುದು. ಮಗಳು ಏಳನೆಯಲ್ಲಿ, ಲೆಕ್ಕದಲ್ಲಿ ಇಡೀ ತರಗತಿಗೆ ಮುಂದೆ. ತಮ್ಮನಿಗೆ ಮೂರು ವರ್ಷ. ಜನವರಿ ಹತ್ತಿರವಾಗುತ್ತಿದ್ದಂತೆ ಅವಳ ಮಾತು ಕಡಿಮೆಯಾಯಿತು. ಆ ಕಡೆಯ ಮಕ್ಕಳಿಗೆ ಬನದ ಹುಣ್ಣಿಮೆ ಎಂದರೆ ಬನಶಂಕರಿ ಜಾತ್ರೆ, ವಾರಗಟ್ಟಲೆ ನಡೆಯುವ ಜಾತ್ರೆ, ನಾಟಕ ಕಂಪನಿಗಳ ಡೇರೆಗಳು. ಖುಷಿಯಿಂದ ಹೇಳಬೇಕಾದವಳು ಯಾಕೆ ಹೀಗೆ ಎಂದು ಜಗಲಿಗೆ ಕರೆದೆ. "ಜಾತ್ರಿಗಿ ಹೋಕ್ಕೀವ್ರಿ ಅಕ್ಕೋರ. ಹೊಳ್ಳಿ ಬರೋ ಮುಂದ ನನ್ನ ಅಲ್ಲೇ ಅಜ್ಜಿ ಕಡೆ ಬಿಟ್ಟು ಬರ್ತಾರಂತ. ತಮ್ಮನ್ನ ನೋಡ್ಕೊಳ್ಳಾಕ." ಈ ವಿಷಯ ಮಾತಾಡಲು ಮನೆಗೆ ಬರಲಾ ಎಂದೆ. ಬಹಳ ಯೋಚಿಸಿ, "ಅಪ್ಪ ಇದ್ದಾಗ ಬರ್ರಿ, ಅವ್ವಗ ಒಬ್ಬಾಕಿಗೆ ಹೇಳಬ್ಯಾಡ್ರಿ" ಎಂದಳು. ಅಪ್ಪ ಮನೆಗೆ ಬರುವ ಹೊತ್ತನ್ನೂ ಅವಳೇ ಹೇಳಿದಳು.

ಕತ್ತಲಾದ ಮೇಲೆ ಸಿಸ್ಟರೂ ನಾನೂ ಹೋದೆವು. ತಗಡಿನ ಶೆಡ್ಡುಗಳ ಸಾಲು. ಒಲೆಯ ಮೇಲೆ ಹೆಂಚು, ಅವ್ವ ರೊಟ್ಟಿ ಬಡಿಯುತ್ತಿದ್ದರು. ರೊಟ್ಟಿ, ಪುಂಡಿಪಲ್ಯ ತಿನ್ನದೆ ಮಾತಿಗೆ ಬಿಡಲಿಲ್ಲ. ಅಪ್ಪನೇ ಶುರು ಮಾಡಿದರು, "ಈಕಿ ಶಾಣ್ಯಾಕಿ ಅದಾಳ, ನಮಗೂ ಗೊತ್ತೈತ್ರಿ. ಆದ್ರ ಸಣ್ಣಾಂವನ್ನ ಕೆಲಸದ ಜಾಗಕ್ಕ ಒಯ್ಯಾಕ ಆಗಂಗಿಲ್ರಿ. ಮನ್ನೆ ಕಬ್ಬಿಣದ ಸಳಿ ಮ್ಯಾಲ ಬಿದ್ದು ಗಾಯ ಮಾಡ್ಕೊಂಡ." ಅದು ನೆಪವಲ್ಲ, ಹುಡುಗನ ಮೊಣಕಾಲಿನ ಗಾಯ ಇನ್ನೂ ಒಣಗಿರಲಿಲ್ಲ. ಇಂಥ ಕಡೆ ಶಿಕ್ಷಣದ ಮಹತ್ವದ ಭಾಷಣ ಯಾರಿಗೆ ಬೇಕು? ಮಗಳು ಓದಬೇಕೆಂಬುದರಲ್ಲಿ ಅವರಿಗೂ ನಮಗೂ ಜಗಳವೇ ಇರಲಿಲ್ಲ. ಹಗಲಿನಲ್ಲಿ ಆ ಮೂರು ವರ್ಷದ ಮಗುವನ್ನು ಎಲ್ಲಿ ಬಿಡುವುದು ಎಂಬುದೊಂದೇ ಪ್ರಶ್ನೆ.

ಅದಕ್ಕೆ ಉತ್ತರ ಹುಡುಕುವುದು ನಮ್ಮ ಕೆಲಸವಾಯಿತು. ಹತ್ತಿರದ ಅಂಗನವಾಡಿಗೆ ಸಿಸ್ಟರ್ ಹೋಗಿ ಮಾತಾಡಿ ಬಂದರು, ಆಧಾರ್ ಊರಿನದಾದರೂ ಸೇರಿಸಿಕೊಳ್ಳುತ್ತೇವೆ ಎಂದರು ಅಲ್ಲಿಯ ಕಾರ್ಯಕರ್ತೆ. ಅಂಗನವಾಡಿ ಮುಗಿದು ಅವ್ವ ಕೆಲಸದಿಂದ ಬರುವವರೆಗಿನ ಹೊತ್ತು ಉಳಿಯಿತು. ಪಕ್ಕದ ಶೆಡ್ಡಿನ ಬಾಣಂತಿಯೊಬ್ಬರು ನೋಡಿಕೊಳ್ಳುತ್ತೇನೆ ಎಂದರು, ಶಾಲೆ ಬಿಟ್ಟ ಮೇಲೆ ಅಕ್ಕ ಬರುತ್ತಾಳೆ. ಇದನ್ನೆಲ್ಲ ಹುಡುಗಿಯ ಎದುರೇ ಮಾತಾಡಿದೆವು, ಯಾವ ಹೊತ್ತಿಗೆ ಯಾರು ಎಂದು ಲೆಕ್ಕ ಹಾಕಿ ಹೇಳಿದವಳೂ ಅವಳೇ. ಊರಿನ ಅಜ್ಜಿಗೆ ಒಂದು ಮಾತು ಹೇಳಬೇಕೆಂದು ಅಪ್ಪ ಫೋನು ಹಚ್ಚಿ ನನ್ನ ಕೈಗೆ ಕೊಟ್ಟರು. ಅಜ್ಜಿ ಕೇಳಿದ್ದು, "ಜಾತ್ರಿಗರೆ ಕಳಸ್ತೀರಿಲ್ಲೋ?" ಕಳಿಸುತ್ತೇವೆ, ಜಾತ್ರೆ ತಪ್ಪಿಸುವುದು ಬೇಡ ಎಂದೆ. ಎಷ್ಟು ದಿನ ಎಂಬುದನ್ನು ಅಲ್ಲೇ ಎಲ್ಲರೂ ಸೇರಿ ಮಾತಾಡಿಕೊಂಡೆವು. ಆ ದಿನಗಳ ಲೆಕ್ಕದ ಪಾಠವನ್ನು ಬರೆದು ಅವಳ ಚೀಲಕ್ಕೆ ಹಾಕಿಕೊಟ್ಟರು ಗಣಿತದ ಮಾಸ್ಟ್ರು.

ಮಾತಾಡಿಕೊಂಡ ದಿನಕ್ಕೆ ಅವರು ಬರಲಿಲ್ಲ. ಅಪ್ಪನ ಫೋನು ಹತ್ತಲಿಲ್ಲ. ದಿನ ಕಳೆದ ಹಾಗೆ ಸ್ಟಾಫ್ ರೂಮಿನಲ್ಲಿ, ಅವಳು ಇನ್ನು ಬರುವುದಿಲ್ಲ ಎಂಬ ಮಾತು ಶುರುವಾಯಿತು. ನಾನು ಅಜ್ಜಿಯ ನಂಬರಿಗೆ ಫೋನು ಮಾಡಿದೆ, ದೂರಲು ಹೋಗಲಿಲ್ಲ, ಜಾತ್ರೆ ಹೇಗಾಯಿತು ಎಂದು ಕೇಳಿದೆ. ಸಣ್ಣವನಿಗೆ ಜ್ವರ ಬಂದಿತ್ತು, ಬಸ್ಸಿನ ದುಡ್ಡು ಆಸ್ಪತ್ರೆಗೆ ಹೋಗಿತ್ತು. ಫೆಬ್ರವರಿಯಲ್ಲಿ ಒಂದು ಬೆಳಗ್ಗೆ ಅಸೆಂಬ್ಲಿಯ ಸಾಲಿನಲ್ಲಿ ಅವಳು ನಿಂತಿದ್ದಳು, ಮಾಸ್ಟ್ರು ಕೊಟ್ಟ ಲೆಕ್ಕವೆಲ್ಲ ಮುಗಿದಿತ್ತು.

ಏಪ್ರಿಲ್‌ನಲ್ಲಿ ಫಲಿತಾಂಶ ಕೊಟ್ಟ ಮೇಲೆ ಏಳನೆಯವರು ನಮ್ಮನ್ನು ಬಿಟ್ಟು ಹೈಸ್ಕೂಲಿಗೆ ಹೋಗುತ್ತಾರೆ. ಟಿಸಿ ಬರೆಯುವ ದಿನ ಅಪ್ಪ, ಅವ್ವ ಇಬ್ಬರೂ ಒಂದು ದಿನದ ಕೂಲಿ ಬಿಟ್ಟು ಬಂದಿದ್ದರು. ಆಧಾರಿನಲ್ಲಿರುವ ಹೆಸರಿಗೂ ನಮ್ಮ ದಾಖಲೆಗೂ ಒಂದಕ್ಷರ ವ್ಯತ್ಯಾಸವಿತ್ತು, ಅದನ್ನು ಸರಿಮಾಡಿಸುವ ಕಾಗದ ಸಿಸ್ಟರ್ ಬರೆದುಕೊಟ್ಟರು. ಸೈಟಿಗೆ ಹತ್ತಿರದ ಸರಕಾರಿ ಹೈಸ್ಕೂಲಿನ ಎಂಟನೆಯ ಕ್ಲಾಸ್ ಟೀಚರ್ ನನಗೆ ಪರಿಚಯದವರು. ಅವರಿಗೆ ನಿನ್ನ ಬಗ್ಗೆ ಏನು ಹೇಳಲಿ ಎಂದು ಹುಡುಗಿಯನ್ನೇ ಕೇಳಿದೆ. "ಲೆಕ್ಕ ಬರ್ತೈತಿ ಅಂತ ಹೇಳ್ರಿ. ಜಾತ್ರಿಗಿ ಹೋಕ್ಕಾಳ, ಆದ್ರ ಬರ್ತಾಳ ಅಂತನೂ ಹೇಳ್ರಿ" ಎಂದಳು. ಎರಡನ್ನೂ ಹೇಳಿದ್ದೇನೆ. ಅಪ್ಪನ ಫೋನು ಹತ್ತದ ದಿನ ಉಪಯೋಗಕ್ಕಿರಲಿ ಎಂದು, ಅವರನ್ನು ಕೇಳಿಕೊಂಡು, ಅಜ್ಜಿಯ ನಂಬರನ್ನೂ ಕೊಟ್ಟಿದ್ದೇನೆ.